ಮೇಲಿನ ಎರಡು ಪದರ

ಬಂದರಿನಲ್ಲಿ ಅವಳನ್ನು ಕಂಡರೆ ಆಗದವರ ಪಟ್ಟಿ ಮಾಡುವುದಕ್ಕಿಂತ ಆಗುವವರ ಪಟ್ಟಿ ಮಾಡುವುದು ಸುಲಭ. ಅದರಲ್ಲಿ ಯಾರೂ ಇರಲಿಲ್ಲ. ಐಸು ಒಡೆಯುವವರಿಗೆ ಅವಳು ದಾರಿಗಡ್ಡ. ಹರಾಜು ಕೂಗುವವನಿಗೆ ಅವಳಿಂದ ತಡ. ಬೋಟಿನವರಿಗಂತೂ ಬೆಳಿಗ್ಗೆ ಎದ್ದು ನೋಡಬಾರದ ಮುಖ. ಎಲ್ಲರೂ ಅವಳನ್ನು ಸ್ಕೇಲಮ್ಮ ಅನ್ನುತ್ತಿದ್ದರು, ಮೊದಮೊದಲು ಬೆನ್ನ ಹಿಂದೆ, ಆಮೇಲೆ ಮುಖಕ್ಕೇ. ಅವಳೇನು ಕಮ್ಮಿಯವಳಲ್ಲ. ಮೂಗಿನ ತುದಿಯಲ್ಲೇ ಕೋಪ. ಒಂದು ಮಾತಿಗೆ ನಾಲ್ಕು ಮಾತು ವಾಪಸ್ಸು ಕೊಡುತ್ತಿದ್ದಳು, ಅದರಲ್ಲಿ ಎರಡು ಕೇಳಿದವನ ಅಪ್ಪನಿಗೆ ಸಲ್ಲಬೇಕಾದವು.

ಅವಳ ಕೆಲಸ ಮೀನು ಅಳೆಯುವುದು. ನಗಬೇಡಿ, ಸರ್ಕಾರಿ ಕೆಲಸ. ಬೆಳಿಗ್ಗೆ ಬೋಟುಗಳು ಬಂದು ಕಟ್ಟೆಗೆ ತಾಗಿದ ಕೂಡಲೇ ಅವಳು ರಬ್ಬರ್ ಬೂಟು ಹಾಕಿಕೊಂಡು, ಕಂಕುಳಲ್ಲಿ ಅಳತೆ ಹಲಗೆ ಸಿಕ್ಕಿಸಿಕೊಂಡು ಇಳಿಯುತ್ತಿದ್ದಳು. ಹಲಗೆಯ ಒಂದು ತುದಿಯಲ್ಲಿ ಅಡ್ಡಪಟ್ಟಿ, ನಡುವೆ ಕೊರೆದ ಸ್ಕೇಲು. ಬಂಗುಡೆಯ ಮೂತಿಯನ್ನು ಅಡ್ಡಪಟ್ಟಿಗೆ ತಾಗಿಸಬೇಕು, ಬಾಲ ಕವಲೊಡೆಯುವ ಜಾಗದಲ್ಲಿ ಎಷ್ಟು ಸೆಂಟಿಮೀಟರು ಎಂದು ನೋಡಬೇಕು, ಪುಸ್ತಕದಲ್ಲಿ ಒಂದು ಗೆರೆ ಎಳೆಯಬೇಕು. ದಿನಕ್ಕೆ ಐದು ಬೋಟು, ಬೋಟಿಗೆ ಐವತ್ತು ಮೀನು. ಇಪ್ಪತ್ತೆರಡು ವರ್ಷದಿಂದ ಇದೇ. ಕೈಯ ವಾಸನೆ ಯಾವ ಸೋಪಿಗೂ ಬಗ್ಗುತ್ತಿರಲಿಲ್ಲ.

ಇದರಿಂದ ಏನು ಉಪಯೋಗ ಎಂದು ಕೇಳುವವರಿಗೆ ಅವಳ ಹತ್ತಿರ ಒಂದೇ ಉತ್ತರವಿತ್ತು. "ಸಮುದ್ರದೊಳಗೆ ಇಳಿದು ಎಣಿಸ್ಕೊಂಡು ಬರ್ತೀಯಾ? ಹಂಗಾದ್ರೆ ನಾನು ಮನೆಗೆ ಹೋಗ್ತೀನಿ." ಒಳಗಿರುವ ಮೀನನ್ನು ಯಾರೂ ಎಣಿಸಲಾರರು. ಆದರೆ ಹಿಡಿದು ತಂದದ್ದರ ಉದ್ದ ನೋಡಿ ಒಳಗೆ ಉಳಿದದ್ದರ ಗತಿ ಹೇಳಬಹುದು. ಬಂಗುಡೆ ಇಪ್ಪತ್ತೆರಡು ಸೆಂಟಿಮೀಟರು ಆಗುವವರೆಗೆ ಮೊಟ್ಟೆ ಇಡುವುದಿಲ್ಲ. ಅದಕ್ಕಿಂತ ಚಿಕ್ಕದನ್ನು ಹಿಡಿದರೆ, ಒಂದು ಸಲವೂ ಮರಿ ಮಾಡದೆ ಸತ್ತಿತು ಎಂದೇ ಅರ್ಥ. ಆದ್ದರಿಂದ ಒಂದು ನಿಯಮವಿತ್ತು: ಹಿಡಿದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಚಿಕ್ಕ ಮೀನೇ ಇದ್ದು, ಹಾಗೆ ಮೂರು ವರ್ಷ ಸತತ ನಡೆದರೆ, ಮೊಟ್ಟೆ ಇಡುವ ಎರಡು ತಿಂಗಳು ಯಾವ ಬೋಟೂ ಬಲೆ ಹಾಕುವಂತಿಲ್ಲ. ಆ ಅರ್ಧ ದಾಟಿತೋ ಇಲ್ಲವೋ ಎಂದು ಹೇಳುವುದು ಸ್ಕೇಲಮ್ಮನ ಪುಸ್ತಕ. ಈಗ ಗೊತ್ತಾಯಿತಲ್ಲ, ಅವಳ ಮೇಲೆ ಹಲ್ಲು ಮಸೆಯುತ್ತಿದ್ದದ್ದು ಯಾಕೆ ಅಂತ.

ಎಲ್ಲರಿಗಿಂತ ಹೆಚ್ಚು ಹಲ್ಲು ಮಸೆಯುತ್ತಿದ್ದವನು ಅವಳ ಸ್ವಂತ ಅಣ್ಣ. ಒಡಹುಟ್ಟಿದವನು. ಎರಡು ಬೋಟಿನ ಮಾಲೀಕ. ಕೆಲಸಕ್ಕೆ ಸೇರಿದ ಮೊದಲನೇ ವಾರದಲ್ಲಿ ಅವಳು ಅವನ ಬೋಟಿನ ಕ್ರೇಟಿಗೇ ಮೊಳಕೈವರೆಗೆ ಕೈ ಹಾಕಿ ತಳದ ಮೀನು ಎಳೆದಿದ್ದಳು. ಐಸು ಕದಡಿತು, ಮೀನು ನಜ್ಜಾಯಿತು ಎಂದು ಅವನು ಕೂಗಾಡಿ, ಹಲಗೆಯನ್ನು ಕಿತ್ತುಕೊಂಡು ನೀರಿಗೆ ಎಸೆದ. "ಮನೆಗೆ ಮಾರಿ, ಊರಿಗೆ ಉಪಕಾರಿ," ಎಂದು ಇಡೀ ಕಟ್ಟೆಗೆ ಕೇಳುವಂತೆ ಅಂದ. ಆಮೇಲೆ ನಾಲ್ಕು ಹಿರಿಯರು ಸೇರಿ ರಾಜಿ ಮಾಡಿಸಿದರು. ಮೇಲಿನ ಎರಡು ಪದರ ಅವಳದ್ದು, ಅಷ್ಟರಲ್ಲಿ ಬೇಕಾದಷ್ಟು ಅಳೆಯಲಿ. ಅದರ ಕೆಳಗೆ ಕೈ ಹಾಕಬಾರದು. ಅವಳು ಒಪ್ಪಿಕೊಂಡಳು. ಒಪ್ಪದಿದ್ದರೆ ದಿನಾ ಒಂದು ಹಲಗೆ ಸಮುದ್ರದ ಪಾಲಾಗುತ್ತಿತ್ತು.

ಒಪ್ಪಿಕೊಂಡದ್ದನ್ನು ಅವಳು ಆಫೀಸಿಗೆ ಬರೆದು ತಿಳಿಸಲಿಲ್ಲ. ಇದೊಂದು ತಪ್ಪು, ಅದನ್ನು ಮುಚ್ಚಿಡುವುದು ಬೇಡ. ಪುಸ್ತಕದಲ್ಲಿ 'ಮೀನು ಆರಿಸಿದ ರೀತಿ' ಎಂಬ ಕಾಲಂ ಇತ್ತು. ಅದರಲ್ಲಿ ದಿನವೂ 'ನೋಡದೆ ತೆಗೆದದ್ದು' ಎಂದು ಬರೆಯುತ್ತಿದ್ದಳು. ಸುಳ್ಳೂ ಅಲ್ಲ. ನಿಜವಾಗಿಯೂ ಕಣ್ಣು ಮುಚ್ಚಿಯೇ ತೆಗೆಯುತ್ತಿದ್ದಳು. ದೊಡ್ಡದು ಚಿಕ್ಕದು ಎಂದು ತನ್ನ ಕೈ ಪಕ್ಷಪಾತ ಮಾಡಬಾರದು ಎಂದು ಮುಖವನ್ನು ಸಮುದ್ರದ ಕಡೆ ತಿರುಗಿಸಿ, ರೆಪ್ಪೆ ಬಿಗಿದು, ಒಂದೊಂದೇ ಮೀನು ಎತ್ತುತ್ತಿದ್ದಳು. ಅದನ್ನು ನೋಡಿ ಕೂಲಿಯವರು ನಗುತ್ತಿದ್ದರು. ನಗಲಿ ಬಿಡಿ ಎಂದುಕೊಂಡಿದ್ದಳು. ತನ್ನಷ್ಟು ನ್ಯಾಯವಾಗಿ ಅಳೆಯುವವರು ಇನ್ನೊಬ್ಬರಿಲ್ಲ ಎಂಬ ಗರ್ವ ಅವಳಿಗೆ ಹೊಟ್ಟೆ ತುಂಬ ಇತ್ತು.

ತರಕಾರಿಯವನೂ ಚೆಂದದ್ದನ್ನೇ ಮೇಲಿಡುತ್ತಾನಲ್ಲ, ಇಷ್ಟು ಗೊತ್ತಾಗಲಿಲ್ಲವೇ ಇವಳಿಗೆ ಎಂದು ನೀವು ಕೇಳಬಹುದು. ಅಲ್ಲೇ ಇರುವುದು ಸೂಕ್ಷ್ಮ. ಆ ಬಂದರಿನಲ್ಲಿ ಹರಾಜಿನವನು ಪ್ರತಿ ಕ್ರೇಟನ್ನೂ ನೆಲಕ್ಕೆ ಬೋರಲು ಹಾಕಿಯೇ ಕೂಗುವುದು. ಕೊಳ್ಳುವವರ ಮುಂದೆ ಮೇಲಿನದು ಕೆಳಗಿನದು ಎಲ್ಲ ಒಂದೇ ರಾಶಿ. ಮೇಲೆ ದೊಡ್ಡ ಮೀನು ಜೋಡಿಸಿ ಯಾರನ್ನೂ ಏಮಾರಿಸುವಂತಿಲ್ಲ, ಅಂದಮೇಲೆ ಯಾರಾದರೂ ಯಾಕೆ ಜೋಡಿಸುತ್ತಾರೆ? ಸ್ಕೇಲಮ್ಮ ಹಾಗೆ ಯೋಚಿಸಿದ್ದಳು. ತಪ್ಪಿಲ್ಲದ ಯೋಚನೆ. ರಾಶಿಯಾಗುವ ಮೊದಲು ಆ ಕ್ರೇಟನ್ನು ನೋಡುವವಳು ತಾನೊಬ್ಬಳು ಇದ್ದೇನೆ ಎಂಬುದೊಂದನ್ನು ಮಾತ್ರ ಅದರಲ್ಲಿ ಸೇರಿಸಿರಲಿಲ್ಲ.

ಪುಸ್ತಕ ಹೇಳುತ್ತಿದ್ದದ್ದು ಒಳ್ಳೆಯ ಸುದ್ದಿಯನ್ನೇ. ಕಳೆದ ಮೂರು ವರ್ಷ ನೂರಕ್ಕೆ ಮೂವತ್ಮೂರು, ಮೂವತ್ತೈದು, ಮೂವತ್ತೆಂಟು ಚಿಕ್ಕವು. ಏರುತ್ತಿತ್ತು, ನಿಜ, ಆದರೆ ಅರ್ಧಕ್ಕೆ ಇನ್ನೂ ದೂರ. ಬೋಟುಗಳು ಹನ್ನೆರಡು ತಿಂಗಳೂ ಓಡಿದವು. ಒಂದು ಸಲವಾದರೂ ಯಾರಾದರೂ ಅವಳಿಗೆ ಒಂದು ಲೋಟ ಚಹಾ ಕೊಡಿಸಿದರೇ? ಇಲ್ಲ. ಬೈಗುಳ ಮಾತ್ರ ಹಾಗೆಯೇ ಮುಂದುವರಿಯಿತು, ನಾಟಕ ಚೆನ್ನಾಗಿ ಕಾಣಲಿ ಎಂದು.

ಆಗ ಆಫೀಸಿಗೆ ಲೆಕ್ಕದ ಮೇಡಂ ಬಂದಳು. ಮೂವತ್ತು ದಾಟದ ಹೆಣ್ಣು, ಕನ್ನಡಕ, ಬಾಬ್ ಕಟ್ಟು, ನಮಸ್ಕಾರಕ್ಕೆ ತಿರುಗಿ ನಮಸ್ಕಾರ ಹೇಳಲೂ ಪುರುಸೊತ್ತಿಲ್ಲದ ಮುಖ. ಗಣಿತದಲ್ಲಿ ದೊಡ್ಡ ಪರೀಕ್ಷೆ ಪಾಸು ಮಾಡಿದ್ದಳಂತೆ. ಬಂದ ಎರಡನೇ ವಾರ ಸ್ಕೇಲಮ್ಮನನ್ನು ಆಫೀಸಿನ ಹಿಂದಿನ ಶೀತಕೋಣೆಗೆ ಕರೆಸಿದಳು. ಅಲ್ಲಿ ನೆಲದ ಮೇಲೆ ಒಂದು ಕ್ರೇಟು ಮೀನು ಸುರಿದಿತ್ತು. ಹತ್ತು ಹತ್ತರಂತೆ ಸಾಲು ಹಚ್ಚಿ ಎಣಿಸಿದ್ದಳು.

"ಇದು ನಿಮ್ಮಣ್ಣನ ಬೋಟಿನ ನಿನ್ನೆಯ ಕ್ರೇಟು. ನಿನ್ನೆ ಬೆಳಿಗ್ಗೆ ಆ ಬೋಟಿಂದ ನೀವು ಅಳೆದದ್ದು ಸರಾಸರಿ ಎಷ್ಟಿತ್ತು?" ಎಂದಳು ಮೇಡಂ.

"ಇಪ್ಪತ್ನಾಲ್ಕು."

"ಇಪ್ಪತ್ನಾಲ್ಕು ಸೆಂಟಿಮೀಟರಿನ ಬಂಗುಡೆ ನೂರರವತ್ತು ಗ್ರಾಂ ತೂಗುತ್ತೆ. ಕ್ರೇಟು ಮೂವತ್ತು ಕೆಜಿ. ನೂರ ತೊಂಬತ್ತರ ಆಸುಪಾಸು ಮೀನಿರಬೇಕಿತ್ತು. ಎಷ್ಟಿದೆ ಗೊತ್ತಾ? ಇನ್ನೂರ ಎಪ್ಪತ್ತು."

ಸ್ಕೇಲಮ್ಮ ಸಾಲುಗಳನ್ನು ನೋಡಿದಳು. "ಹಂಗಾದ್ರೆ ನಿಮ್ಮ ತಕ್ಕಡಿ ಸರಿಯಿಲ್ಲ."

"ತಕ್ಕಡಿ ಸರಿಯಿದೆ. ನಿಮ್ಮ ಅಳತೆ ಸರಿಯಿಲ್ಲ."

ಅಷ್ಟು ಸಾಕಾಯಿತು. ಮೊನ್ನೆ ಮೊನ್ನೆ ಬಂದವಳು, ಮೀನಿನ ತಲೆ ಯಾವುದು ಬಾಲ ಯಾವುದು ಎಂದು ಗೊತ್ತಿಲ್ಲದವಳು ತನಗೆ ಅಳತೆ ಹೇಳಿಕೊಡುತ್ತಾಳೆಯೇ? "ನೋಡಿ ಮೇಡಂ, ನಿಮ್ಮ ವಯಸ್ಸಿನಷ್ಟು ವರ್ಷ ಮೀನಿನ ಜೊತೆಗಿದ್ದೀನಿ. ಪುಸ್ತಕ ಓದಿದವರೆಲ್ಲ ಈಜೋದಾಗಿದ್ರೆ ದಡದಲ್ಲಿ ಯಾರೂ ಇರ್ತಿರಲಿಲ್ಲ," ಎಂದಳು. ಮೇಡಂ ಮಿಸುಕಲಿಲ್ಲ. "ನೂರ ಹನ್ನೊಂದು ಗ್ರಾಂ ಬರ್ತಿದೆ ಒಂದಕ್ಕೆ. ಅಂದ್ರೆ ಉದ್ದ ಇಪ್ಪತ್ತೊಂದು ಚಿಲ್ಲರೆ. ಮೊಟ್ಟೆ ಇಡೋ ಉದ್ದಕ್ಕಿಂತ ಕಮ್ಮಿ," ಎಂದಳು.

"ತೂಕ ಅಷ್ಟೊಂದು ಇಳಿದ್ರೆ ಉದ್ದ ಮೂರೇ ಸೆಂಟಿಮೀಟರ್ ಇಳಿಯುತ್ತಾ? ಯಾರ ಕಿವಿ ಮೇಲೆ ಹೂವಿಡ್ತೀರಿ?"

"ಉದ್ದ ಎರಡರಷ್ಟಾದ್ರೆ ತೂಕ ಎರಡರಷ್ಟಾಗಲ್ಲಮ್ಮ. ಎಂಟರಷ್ಟಾಗುತ್ತೆ. ಮನೆಗೆ ಹೋಗಿ ಯೋಚನೆ ಮಾಡಿ. ಬೈಯೋದಕ್ಕೆ ನಾಳೆ ಬನ್ನಿ."

ಸ್ಕೇಲಮ್ಮ ಬಾಗಿಲು ಬಡಿದು ಹೊರಟಳು. ದಾರಿಯಲ್ಲಿ ಅಂಗಡಿಗೆ ಹೋಗಿ ಬಟ್ಟೆ ಒಗೆಯುವ ಸೋಪು ಎಂಟು ಕೊಂಡಳು, ಅಂಗಡಿಯವನು ಏನು ಇಷ್ಟೊಂದು ಎಂದಾಗ ಅವನಿಗೂ ಒಂದು ಬೈಗುಳ ಬಿಟ್ಟಳು. ಮನೆಗೆ ಬಂದು ಬಚ್ಚಲ ಕಟ್ಟೆಯ ಮೇಲೆ ಒಂದು ಸೋಪು ಇಟ್ಟಳು. ಅದನ್ನು ಉದ್ದಕ್ಕೆ ಎರಡರಷ್ಟು ಮಾಡಲು ಇನ್ನೊಂದು ಸೇರಿಸಿದಳು. ಆದರೆ ಮೀನು ಬರೀ ಉದ್ದಕ್ಕೆ ಬೆಳೆಯುವುದಿಲ್ಲ, ಅಗಲಕ್ಕೂ ಬೆಳೆಯುತ್ತದೆ: ನಾಲ್ಕಾಯಿತು. ದಪ್ಪಕ್ಕೂ ಬೆಳೆಯುತ್ತದೆ: ಮೇಲೊಂದು ವರಸೆ, ಎಂಟಾಯಿತು. ಅವಳು ಸೋಪಿನ ಗುಡ್ಡೆಯನ್ನು ದಿಟ್ಟಿಸಿ ನೋಡಿದಳು. ಆ ಹುಡುಗಿಯ ಮೇಲೆ ಹರಿಹಾಯಲು ಸಿಕ್ಕ ಒಂದೇ ಜಾಗವೂ ಕೈಬಿಟ್ಟುಹೋಯಿತು.

ಉದ್ದ ಇಪ್ಪತ್ತೊಂದು. ತೂಕ ಸುಳ್ಳು ಹೇಳುವುದಿಲ್ಲ. ತನ್ನ ಕೈಯೂ ಸುಳ್ಳು ಹೇಳಿಲ್ಲ. ಹಾಗಾದರೆ ಸುಳ್ಳು ಇರುವುದು ಕ್ರೇಟಿನಲ್ಲಿ. ಮೇಲೆ ಒಂದು, ಕೆಳಗೆ ಒಂದು. ಯಾರಿಗಾಗಿ? ಹರಾಜಿನವನಿಗಲ್ಲ, ಕೊಳ್ಳುವವರಿಗಲ್ಲ. ಬಚ್ಚಲಲ್ಲಿ ನಿಂತಿದ್ದವಳಿಗೆ ಮೈಯೆಲ್ಲ ಉರಿದುಹೋಯಿತು. ಕಣ್ಣು ಮುಚ್ಚಿಕೊಂಡು ಮೀನು ಎತ್ತುತ್ತಿದ್ದ ತನ್ನ ಮುಖ ತನಗೇ ಕಂಡಂತಾಯಿತು. ಕೂಲಿಯವರು ನಕ್ಕದ್ದು ಯಾಕೆ ಎಂದು ಈಗ ಅರ್ಥವಾಯಿತು. ಅವಳು ಅಳಲಿಲ್ಲ. ಎಂಟು ಸೋಪನ್ನೂ ಒಂದೊಂದಾಗಿ ಗೋಡೆಗೆ ಎಸೆದಳು.

ಮರುದಿನ ಮೇಡಂನ ಮೇಜಿನ ಮುಂದೆ ನಿಂತು, "ನನಗೆ ಮೇಲಿನ ಎರಡು ಪದರ ಬಿಟ್ಟು ಕೆಳಗೆ ಕೈ ಹಾಕೋಕೆ ಬಿಡಲ್ಲ. ಮೊದಲಿಂದ ಹಂಗೇ," ಎಂದಳು.

"ಪುಸ್ತಕದಲ್ಲಿ ಇದು ಎಲ್ಲೂ ಬರೆದಿಲ್ಲ."

"ಬರೆದಿಲ್ಲ."

"ಇಪ್ಪತ್ತೆರಡು ವರ್ಷದ ಪುಸ್ತಕ ಕಸದ ಬುಟ್ಟಿಗೆ ಹಾಕಬಹುದು ಹಂಗಾದ್ರೆ." ಮೇಡಂಗೆ ಮಾತಿಗೆ ಬೆಣ್ಣೆ ಸವರಿ ಅಭ್ಯಾಸವಿರಲಿಲ್ಲ. ಆಮೇಲೆ ಪೆನ್ನನ್ನು ಹಲ್ಲಿಗೆ ಬಡಿದಳು. "ಒಂದು ದಾರಿ ಇದೆ. ಅವರು ಪ್ರತಿ ವರ್ಷವೂ ಒಂದೇ ರೀತಿ ಮೋಸ ಮಾಡಿದ್ರೆ, ಆ ಮೋಸವನ್ನೇ ಅಳೆಯಬಹುದು. ಮೇಲಿನ ಪದರಕ್ಕೂ ಇಡೀ ಕ್ರೇಟಿಗೂ ಎಷ್ಟು ವ್ಯತ್ಯಾಸ ಅಂತ ನೋಡಿ, ಅಷ್ಟನ್ನು ಹಳೇ ಪುಸ್ತಕಕ್ಕೆ ಸೇರಿಸಿದ್ರೆ ನಿಜ ಸಿಗುತ್ತೆ. ಐದು ನಿಮಿಷ ಮುಂದೆ ಇರೋ ಗಡಿಯಾರದಲ್ಲೂ ಹೊತ್ತು ತಿಳ್ಕೋಬಹುದು, ದಿನಾ ಐದೇ ನಿಮಿಷ ಮುಂದಿದ್ರೆ."

"ದಿನಾ ಐದೇ ಅಂತ ಗೊತ್ತಾಗೋದು ಹೆಂಗೆ?"

"ಅದೇ ಕಷ್ಟ. ಅದಿಲ್ಲದಿದ್ರೆ ಹೊಸದಾಗಿ ಮೂರು ವರ್ಷ ಅಳೀಬೇಕು. ಇದೇ ವೇಗದಲ್ಲಿ ಹಿಡೀತಿದ್ರೆ ಮೂರು ವರ್ಷದ ಮೇಲೆ ಬಲೆ ನಿಲ್ಲಿಸಿ ಸಮುದ್ರ ಮುಚ್ಚಿಯೂ ಪ್ರಯೋಜನ ಇಲ್ಲ. ಮೊಟ್ಟೆ ಇಡೋ ಮೀನೇ ಉಳಿದಿರಲ್ಲ." ಹಾಳೆಯೊಂದರ ಮೇಲೆ ಗೆರೆ ಎಳೆದು ತೋರಿಸಿದಳು. ಗೆರೆ ಮೊದಲು ನಿಧಾನವಾಗಿ, ಆಮೇಲೆ ಸರ್ರನೆ ಕೆಳಗಿಳಿದಿತ್ತು.

ಸ್ಕೇಲಮ್ಮ ಆ ಗೆರೆಯ ತುದಿಯನ್ನು ಬೆರಳಿಂದ ಮುಟ್ಟಿದಳು. ಬಂಗುಡೆಯ ಮೇಲೆ ಅವಳಿಗೆ ಪ್ರೀತಿ ಗೀತಿ ಇರಲಿಲ್ಲ, ಅದರ ವಾಸನೆಯಲ್ಲೇ ಅರ್ಧ ಆಯುಸ್ಸು ಸವೆದಿತ್ತು. ಆದರೆ ಅದರ ಲೆಕ್ಕ ಇಡಲು ಇದ್ದವಳು ತಾನು. ತನ್ನ ಕೈಬರಹವನ್ನು ತೋರಿಸಿ, ಎಲ್ಲ ಚೆನ್ನಾಗಿದೆ ಎಂದು ಬೋಟಿನವರು ಬಂಗುಡೆಯನ್ನು ಮುಗಿಸುತ್ತಿದ್ದರು. ಅದನ್ನು ಸಹಿಸಲು ಅವಳಿಂದ ಆಗಲಿಲ್ಲ.

"ಎಷ್ಟು ಕ್ರೇಟು ಬೇಕು?" ಎಂದಳು.

ಸುದ್ದಿ ಹೊರಬಿದ್ದರೆ ಬೋಟಿನವರು ಜೋಡಿಸುವುದನ್ನೇ ನಿಲ್ಲಿಸುತ್ತಾರೆ, ಆಮೇಲೆ ಅಳೆಯಲು ಮೋಸವೂ ಸಿಗುವುದಿಲ್ಲ. ಆದ್ದರಿಂದ ಒಂದೇ ಬೆಳಿಗ್ಗೆ, ಹೇಳದೆ ಕೇಳದೆ, ಬೇರೆ ಬಂದರುಗಳಿಂದ ಹನ್ನೆರಡು ಜನ ಅಳೆಯುವವರನ್ನು ವ್ಯಾನಿನಲ್ಲಿ ತುಂಬಿಕೊಂಡು ಬಂದು ಎಂಟು ಬೋಟಿನ ನಲವತ್ತು ಕ್ರೇಟು ಹಿಡಿದರು. ಮೇಲಿನ ಎರಡು ಪದರ ಒಂದು ಕಡೆ, ಉಳಿದದ್ದು ಒಂದು ಕಡೆ. ಕಟ್ಟೆಯ ಮೇಲೆ ದೊಡ್ಡ ಗಲಾಟೆಯಾಯಿತು. ಯಾರೋ ಐಸಿನ ಗಡ್ಡೆ ಎಸೆದರು, ಅದು ಮೇಡಂನ ಭುಜಕ್ಕೆ ತಗುಲಿತು, ಅವಳು ತಿರುಗಿಯೂ ನೋಡದೆ ಬರೆಯುತ್ತಲೇ ಇದ್ದಳು. ಆ ಒಂದು ಕ್ಷಣ ಸ್ಕೇಲಮ್ಮನಿಗೆ ಅವಳ ಮೇಲೆ ಸ್ವಲ್ಪ ಮೆಚ್ಚಿಕೆ ಬಂತು.

ಅಣ್ಣ ಜನರನ್ನು ತಳ್ಳಿಕೊಂಡು ಬಂದ. ತಂಗಿಯ ಕೈ ತನ್ನ ಕ್ರೇಟಿನ ತಳದಲ್ಲಿತ್ತು. "ಮಾತು ಕೊಟ್ಟಿದ್ದೆ ನೀನು," ಎಂದ.

"ನೀನೂ ಕೊಟ್ಟಿದ್ದೆ."

"ನಾನೇನು ಮಾಡಿದೆ?"

"ನೀನೇ ಹೇಳು. ಇದನ್ನ ಜೋಡಿಸಿದ್ದು ಯಾರು?"

ಅವನು ಬಾಯಿ ತೆರೆಯುವಷ್ಟರಲ್ಲಿ ಸಂಘದ ಅಧ್ಯಕ್ಷ ಅವನ ರಟ್ಟೆ ಹಿಡಿದು ಹಿಂದಕ್ಕೆ ಎಳೆದ. ಈ ಅಧ್ಯಕ್ಷ ಬೋಟಿನವರ ಸಂಘದ ತಲೆ, ಎಂಥ ಬಿಸಿಯಲ್ಲೂ ಬೆವರದ ಮನುಷ್ಯ. "ಈ ಸೀಸನ್ನಿಗೆ ಹೊಸ ಕೂಲಿಯವರು ಬಂದಿದ್ದಾರಮ್ಮ. ಚೆಂದ ಕಾಣ್ಲಿ ಅಂತ ಹಂಗೆ ತುಂಬಿರಬಹುದು," ಎಂದು ನಕ್ಕ. ಅವನಿಗೆ ಆಗಲೇ ಲೆಕ್ಕ ಹೊಳೆದಿತ್ತು. ಇದು ಈ ವರ್ಷದ್ದು ಮಾತ್ರ ಎಂದರೆ ಹಳೆಯ ಪುಸ್ತಕಕ್ಕೆ ಏನನ್ನೂ ಸೇರಿಸುವಂತಿಲ್ಲ. ಪುಸ್ತಕವೆಲ್ಲ ರದ್ದು, ಇನ್ನು ಮೂರು ವರ್ಷ ಆರಾಮು.

ನಲವತ್ತು ಕ್ರೇಟಿನ ಉತ್ತರ ಬಂತು. ಮೇಲಿನ ಪದರಗಳಲ್ಲಿ ನೂರಕ್ಕೆ ಮೂವತ್ತೆಂಟು ಚಿಕ್ಕವು. ಇಡೀ ಕ್ರೇಟಿನಲ್ಲಿ ಅರವತ್ತೊಂದು. ವ್ಯತ್ಯಾಸ ಇಪ್ಪತ್ಮೂರು. ಅದನ್ನು ಕಳೆದ ಮೂರು ವರ್ಷಕ್ಕೆ ಸೇರಿಸಿದರೆ ಐವತ್ತಾರು, ಐವತ್ತೆಂಟು, ಅರವತ್ತೊಂದು. ಮೂರೂ ಅರ್ಧದ ಮೇಲೆ. ಸೇರಿಸಲು ಒಪ್ಪಿಗೆ ಸಿಕ್ಕಿದರೆ ಮುಂದಿನ ಮೊಟ್ಟೆ ಕಾಲಕ್ಕೇ ಸಮುದ್ರ ಮುಚ್ಚುತ್ತದೆ. ಸಿಗದಿದ್ದರೆ ಇಲ್ಲ.

ಹತ್ತು ದಿನದ ಮೇಲೆ ಆಫೀಸಿನ ಮಹಡಿಯ ಸಭಾಂಗಣದಲ್ಲಿ ವಿಚಾರಣೆ. ಉದ್ದ ಮೇಜಿನ ಒಂದು ತುದಿಗೆ ರಾಜಧಾನಿಯಿಂದ ಬಂದ ದೊಡ್ಡ ಸಾಹೇಬರು, ಪಕ್ಕದಲ್ಲಿ ಬರೆದುಕೊಳ್ಳುವ ಗುಮಾಸ್ತ. ಎಡಕ್ಕೆ ಮೇಡಂ ಮತ್ತು ಸ್ಕೇಲಮ್ಮ, ಬಲಕ್ಕೆ ಅಧ್ಯಕ್ಷ, ಅಣ್ಣ, ಉಳಿದ ಮಾಲೀಕರು. ಹಿಂದೆ ಕುರ್ಚಿ ಸಿಗದೆ ನಿಂತ ಮೀನು ವ್ಯಾಪಾರಿಗಳು. ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಸಾಹೇಬರಿಗೆ.

ಮೇಡಂ ಹಾಳೆಗಳನ್ನು ಮುಂದಿಟ್ಟು ಎಲ್ಲ ವಿವರಿಸಿದಳು. ಸಾಹೇಬರು ಕೇಳಿದರು. "ಈ ವರ್ಷದ್ದು ಸರಿ. ಹಿಂದಿನ ವರ್ಷಗಳಲ್ಲೂ ಹೀಗೇ ತುಂಬ್ತಿದ್ರು ಅನ್ನೋದಕ್ಕೆ ಏನು ಆಧಾರ?"

"ಆಧಾರ ಇಲ್ಲ ಸಾರ್," ಎಂದಳು ಮೇಡಂ. ಇಲ್ಲದ್ದನ್ನು ಇದೆ ಎನ್ನುವ ಚಾಳಿ ಅವಳಿಗಿರಲಿಲ್ಲ.

ಅಧ್ಯಕ್ಷ ಎದ್ದ. "ಸಾರ್, ನಾವೂ ಸಮುದ್ರ ಉಳೀಲಿ ಅನ್ನೋರೇ. ಇದು ಈ ಸಲದ ಕೂಲಿಯವರು ತಿಳೀದೆ ಮಾಡಿದ್ದು. ಹಳೇ ಪುಸ್ತಕದಲ್ಲಿ ಏನು ಸರಿ ಏನು ತಪ್ಪು ಯಾರಿಗೂ ಗೊತ್ತಿಲ್ಲ. ಅದನ್ನೆಲ್ಲ ಬಿಟ್ಟು ಹೊಸದಾಗಿ ಮೂರು ವರ್ಷ ಅಳೀಲಿ. ನಾವೇ ಮುಂದೆ ನಿಂತು ಸಹಾಯ ಮಾಡ್ತೀವಿ." ಕೇಳುವವರಿಗೆ ಪಾಯಸ ಕುಡಿದಂತಾಗುವ ಮಾತು. ಸಾಹೇಬರು ತಲೆದೂಗತೊಡಗಿದರು.

ಸ್ಕೇಲಮ್ಮ ಎದ್ದು ನಿಂತಳು. ಮೊದಲು ತನ್ನ ತಪ್ಪನ್ನು ತಾನೇ ಹೇಳಿದಳು. ಎರಡೇ ಪದರದಿಂದ ತೆಗೆಯಲು ಒಪ್ಪಿಕೊಂಡದ್ದು, ಅದನ್ನು ಯಾರಿಗೂ ತಿಳಿಸದೆ ಇಪ್ಪತ್ತೆರಡು ವರ್ಷ ಕಾಲಂ ತುಂಬಿದ್ದು. "ಇದಕ್ಕೆ ನನ್ನನ್ನ ಏನು ಬೇಕಾದ್ರೂ ಮಾಡಿ ಸಾರ್," ಎಂದಳು. ಹಿಂದೆ ನಿಂತವರಲ್ಲಿ ಗುಸುಗುಸು ಎದ್ದಿತು. ಮಾಲೀಕರ ಮುಖ ಅರಳಿತು. ಅಳೆದವಳೇ ಅಳತೆ ಸುಳ್ಳು ಎಂದಮೇಲೆ ಇನ್ನೇನು ಬೇಕು?

ಅವಳು ಅಣ್ಣನ ಕಡೆ ನೋಡಿದಳು. ಆ ಮುಖವನ್ನು ಅವಳು ತೊಟ್ಟಿಲಿಂದ ಓದಿಕೊಂಡು ಬಂದಿದ್ದಳು. ಹೊಡೆದರೂ ಬಾಯಿಬಿಡದ ಆಸಾಮಿ, ಆದರೆ ನಾಲ್ಕು ಜನರ ಮುಂದೆ ದಡ್ಡ ಎಂದರೆ ತಡೆದುಕೊಳ್ಳಲಾರ. ಅವಳ ಹತ್ತಿರ ಬೇರೆ ಆಯುಧವೂ ಇರಲಿಲ್ಲ.

"ಆದ್ರೆ ಅಧ್ಯಕ್ಷರು ಹೇಳಿದ್ದೇ ಸರಿ ಇರಬೇಕು ಸಾರ್," ಎಂದಳು. "ಇದು ಈ ವರ್ಷದ್ದೇ. ವರ್ಷಗಟ್ಟಲೆ ಹಿಂಗೆ ಉಪಾಯ ಮಾಡ್ಕೊಂಡು ಬರೋಕೆ ತಲೆ ಬೇಕಲ್ಲ? ನಮ್ಮಣ್ಣನ್ನ ನಾನು ಚಿಕ್ಕಂದಿನಿಂದ ನೋಡಿದ್ದೀನಿ. ಏಳನೇ ಕ್ಲಾಸಲ್ಲಿ ಮೂರು ಸಲ ಲೆಕ್ಕದಲ್ಲಿ ಡುಮ್ಕಿ ಹೊಡೆದೋನು. ಅವನ ಮಗ್ಗಿ ಮೇಷ್ಟ್ರ ಕಣ್ಣು ತಪ್ಪಿಸಿ ನಾನೇ ಬರ್ಕೊಡ್ತಿದ್ದೆ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಅದು ಹಬ್ಬಿತು. ವ್ಯಾಪಾರಿಗಳಿಗೆ ಮಾಲೀಕರನ್ನು ನೋಡಿ ನಗುವ ಅವಕಾಶ ದಿನಾ ಸಿಗುವುದಿಲ್ಲ.

"ಕೂತ್ಕೊ," ಎಂದ ಅಣ್ಣ, ಹಲ್ಲು ಕಚ್ಚಿಕೊಂಡು.

"ಬೋಟಿನ ಹೆಸರು ಬರೀವಾಗಲೂ ಎರಡು ಅಕ್ಷರ ಬಿಟ್ಟಿದ್ದ ಸಾರ್. ಇವನಿಗೆ ಇಪ್ಪತ್ತೆರಡು ವರ್ಷ ನನಗೆ ಮಂಕುಬೂದಿ ಎರಚೋ ಬುದ್ಧಿ ಎಲ್ಲಿಂದ ಬರಬೇಕು? ಈ ವರ್ಷ ಯಾರೋ ಹೇಳಿಕೊಟ್ಟಿದ್ದಾರೆ, ಪಾಪ, ಮಾಡಿದ್ದಾನೆ."

ಅಧ್ಯಕ್ಷ ಅಣ್ಣನ ತೊಡೆಯ ಮೇಲೆ ಕೈಯಿಟ್ಟು ಒತ್ತಿದ. ಆ ಕೈಯನ್ನು ಕೊಡವಿ ಅಣ್ಣ ಎದ್ದೇ ಬಿಟ್ಟ.

"ಯಾರೂ ಹೇಳಿಕೊಡಲಿಲ್ಲ. ಶುರು ಮಾಡಿದ್ದೇ ನಾನು. ಇವಳು ಬಂದ ಮೊದಲನೇ ತಿಂಗಳಿಂದ." ಅವನು ತಂಗಿಯ ಮುಖಕ್ಕೆ ಬೆರಳು ತೋರಿಸಿದ. "ಮೇಲಿನ ಎರಡು ಪದರ ಸ್ಕೇಲಮ್ಮಂದು ಅಂತ ಬಂದರಿನ ಪ್ರತಿ ಬೋಟಿಗೂ ಹೇಳಿಕೊಟ್ಟೋನು ನಾನು. ದೊಡ್ಡದು ಆರಿಸಿ ಮೇಲಿಡೋಕೆ ಬೋಟಿಗೊಬ್ಬ ಆಳು ಅವತ್ತಿಂದ ಇವತ್ತಿನವರೆಗೆ ಇದ್ದಾನೆ. ಒಂದು ವರ್ಷ ತಪ್ಪಿಲ್ಲ. ನಾನು ದಡ್ಡನಾ? ಇಷ್ಟು ವರ್ಷ ಕಣ್ಣು ಮುಚ್ಕೊಂಡು ನಿಂತಿದ್ದು ಯಾರು ಕೇಳಿ ಇವಳನ್ನ. ಇಡೀ ಬಂದರು ನಗ್ತಿತ್ತು, ಇವಳಿಗೆ ಒಂದೇ ಒಂದು ದಿನ ಅನುಮಾನ ಬರ್ಲಿಲ್ಲ. ಕೇಳಿ ಯಾರು ದಡ್ಡರು ಅಂತ."

ನಗು ನಿಂತಿತು. ಗುಮಾಸ್ತ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ. ಅಧ್ಯಕ್ಷನ ಹಣೆಯ ಮೇಲೆ ಕೊನೆಗೂ ಬೆವರು ಕಾಣಿಸಿತು. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವುದು ಸುಮ್ಮನೆ ಅಲ್ಲ.

"ನೀವು ಹೇಳಿದ್ದನ್ನ ಬರ್ಕೊಂಡಿದ್ದಾರೆ," ಎಂದರು ಸಾಹೇಬರು. "ರುಜು ಹಾಕ್ತೀರಾ?"

ಅಣ್ಣನಿಗೆ ಆಗ ತಿಳಿಯಿತು. ಅವನು ಸುತ್ತ ನೋಡಿದ; ಮಾಲೀಕರು ಒಬ್ಬರೂ ಅವನ ಕಣ್ಣಿಗೆ ಕಣ್ಣು ಕೊಡಲಿಲ್ಲ. ಹಿಂದೆ ಅಷ್ಟು ಜನ ಕೇಳಿಸಿಕೊಂಡಿದ್ದರು, ಹೇಳಿಲ್ಲ ಎನ್ನುವಂತಿರಲಿಲ್ಲ. ರುಜು ಹಾಕಿದ. ಮಧ್ಯಾಹ್ನದ ಹೊತ್ತಿಗೆ ಆದೇಶವಾಯಿತು: ಮುಂದಿನ ಮೊಟ್ಟೆ ಕಾಲದಿಂದ ಪ್ರತಿ ವರ್ಷ ಎರಡು ತಿಂಗಳು ಬಲೆ ಇಳಿಯುವಂತಿಲ್ಲ. ಅದರ ಕೆಳಗೆ ಇನ್ನೊಂದು ಸಾಲಿತ್ತು: ನಿಯಮ ಮೀರಿ ಅಳೆದದ್ದಕ್ಕೆ ಸ್ಕೇಲಮ್ಮನಿಗೆ ಎಚ್ಚರಿಕೆ ಪತ್ರ, ಅವಳು ಅಳೆಯುವಾಗ ಇನ್ನು ಮೇಡಂ ಖುದ್ದಾಗಿ ಪಕ್ಕದಲ್ಲಿ ನಿಲ್ಲತಕ್ಕದ್ದು. ಮೇಡಂ ಹಾಳೆಗಳನ್ನು ಚೀಲಕ್ಕೆ ತುಂಬುತ್ತ, "ನೀವು ಬೇಕಂತಲೇ ಕೆಣಕಿದ್ರಿ," ಎಂದಳು. ಸ್ಕೇಲಮ್ಮ ಮೆಟ್ಟಿಲಿಳಿದು ಹೊರಗೆ ಬಂದಳು. ಗೆದ್ದವಳ ಹಾಗೆ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ.

ಅಣ್ಣ ಹೊರಗಿನ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ಸಂಘದವರ ವಾಹನ ಅವನನ್ನು ಬಿಟ್ಟು ಹೋಗಿತ್ತು. ಅವಳು ಪಕ್ಕದಲ್ಲಿ ನಿಂತಳು. ಅವನು ತಲೆ ಎತ್ತಲಿಲ್ಲ.

"ನೀನು ನನ್ನ ಪಾಲಿಗೆ ಸತ್ತೆ," ಎಂದ.

"ಸರಿ. ಒಂದು ವಿಷಯ ಹೇಳು. ಒಂದು ವರ್ಷ ತಪ್ಪಿಲ್ಲ ಅಂದೆಯಲ್ಲ. ಒಂದು ದಿನ? ಒಂದು ದಿನವಾದ್ರೂ ಸುಮ್ಮನೆ ತುಂಬಿದ್ದು ಇದೆಯಾ?"

"ಇಲ್ಲ."

ಎಂಟು ವರ್ಷದ ಹಿಂದೆ ಅವಳ ಗಂಡ ತೀರಿಕೊಂಡು, ಹದಿನೈದು ದಿನ ಕಳೆದು ಅವಳು ಮೊದಲ ಸಲ ಕಟ್ಟೆಗೆ ಬಂದಾಗ, ಎತ್ತಿದ ಮೀನೆಲ್ಲ ಕೈಯಿಂದ ಜಾರಿ ಬೀಳುತ್ತಿತ್ತು. ಆಗ ಇದೇ ಅಣ್ಣ ಬೋಟಿನಿಂದ ಇಳಿದು ಬಂದಿದ್ದ. ಖಾಲಿ ಕ್ರೇಟೊಂದನ್ನು ಬೋರಲು ಹಾಕಿ ಅವಳನ್ನು ಕೂರಿಸಿದ್ದ. ಐವತ್ತು ಮೀನನ್ನೂ ತಾನೇ ಎತ್ತಿ ಹಲಗೆಗೆ ಹಿಡಿದು, ಸೆಂಟಿಮೀಟರು ಓದಿ ಹೇಳಿದ್ದ, ಅವಳು ಬರೆದುಕೊಂಡಿದ್ದಳು. ಇಬ್ಬರ ನಡುವೆ ಆ ಇಪ್ಪತ್ತೆರಡು ವರ್ಷದಲ್ಲಿ ಜಗಳವಿಲ್ಲದೆ ಕಳೆದದ್ದು ಅದೊಂದೇ ಬೆಳಿಗ್ಗೆ.

"ಅವರು ಹೋದ ಮೇಲೆ ನಾನು ಕೆಲಸಕ್ಕೆ ಬಂದೆ ನೋಡು," ಎಂದಳು. "ನೀನೇ ಮೀನು ಎತ್ತಿ ಕೊಟ್ಟೆ. ಅವತ್ತು?"

ಅವನು ತನ್ನ ಅಂಗೈ ನೋಡಿಕೊಂಡ.

"ಅವತ್ತೂ," ಎಂದ.

ಲೆಕ್ಕಕ್ಕೆ ಬೇಕಾಗಿದ್ದ ಉತ್ತರ ಅದೇ, ಗಡಿಯಾರ ದಿನಾ ಐದೇ ನಿಮಿಷ ಮುಂದಿತ್ತು. ಸ್ಕೇಲಮ್ಮ ಅವನಿಂದ ನಾಲ್ಕು ಮೆಟ್ಟಿಲು ಕೆಳಗೆ ಕೂತು, ಚೀಲದಿಂದ ಪುಸ್ತಕ ತೆಗೆದು, ತಾರೀಖು ಹಾಕಿ ಬರೆದಳು: ಮೇಲಿನ ಪದರ ಜೋಡಿಸುವುದನ್ನು ಒಂದು ದಿನವೂ ಬಿಟ್ಟಿಲ್ಲ ಎಂದು ಬೋಟಿನ ಮಾಲೀಕರು ತಿಳಿಸಿದ್ದಾರೆ. ಮಾಲೀಕರು ಎಂದೇ ಬರೆದಳು, ಅಣ್ಣ ಎಂದು ಬರೆಯಲಿಲ್ಲ.